ನಾನು ದೇವರಿಗೆ ಸೇರಿದವಳು ಅಂದರೆ ಏನರ್ಥ?

ನಿಮ್ಮ ಆಫೀಸಿನ ಕ್ರೈಸ್ತ ಗೆಳತಿ ಮಾತುಮಾತಿಗೂ "ನಾನು ದೇವರಿಗೆ ಸೇರಿದವಳು" ಅನ್ನುತ್ತಾರೆ, ಇದು ಒಂಥರಾ ಗುಲಾಮಗಿರಿ ಅಲ್ವಾ, ಹಾಗಾದರೆ ಉಳಿದ ನಾವೆಲ್ಲ ಯಾರಿಗೆ ಸೇರಿದವರು ಅಂತ ಕೇಳಿದ್ದೀರಿ. ನಾನು ಮಂಡ್ಯದವಳು, ಈಗ ಮೈಸೂರಿನಲ್ಲಿದ್ದೇನೆ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ಸಭೆ ಅಂದರೆ ನಮ್ಮಲ್ಲಿ ಚರ್ಚಿನ ಜನ. ನಾನು ನಂಬುವುದನ್ನು ಹೇಳುತ್ತೇನೆ.

ಗುಲಾಮಗಿರಿ ನೆನಪಾದದ್ದು ತಪ್ಪೇನಲ್ಲ. ಯೇಸುವಿನ ಸುವಾರ್ತೆ ಸಾರಿದ ಪೌಲ, ಗ್ರೀಸಿನ ಕೊರಿಂಥ ಪಟ್ಟಣದ ಸಭೆಗೆ ಬರೆದ, ಬೈಬಲಿನಲ್ಲಿರುವ ಮೊದಲನೇ ಪತ್ರದ 6ನೇ ಅಧ್ಯಾಯದಲ್ಲಿ, ನೀವು ನಿಮ್ಮ ಸ್ವಂತದವರಲ್ಲ, ನಿಮ್ಮನ್ನು ಬೆಲೆ ಕೊಟ್ಟು ಕೊಂಡಿದೆ ಅನ್ನುತ್ತಾನೆ. ಅದು ರೋಮನ್ನರ ಕಾಲ. ಮನುಷ್ಯರನ್ನು ಕೊಳ್ಳುವುದು, ಮಾರುವುದು ಅಲ್ಲಿ ಮಾಮೂಲಿ ವ್ಯಾಪಾರ. ಆ ಸಭೆಯಲ್ಲಿ ಗುಲಾಮರೂ ಕೂತಿದ್ದರು. ಅವರ ಕಿವಿಗೆ ಈ ಮಾತು ಹೇಗೆ ಬಿದ್ದಿರಬೇಕು, ಯೋಚಿಸಿ. ಯಾಕಂದರೆ ಮುಂದಿನ ಅಧ್ಯಾಯದಲ್ಲೇ ಪೌಲ ಅದೇ ಮಾತನ್ನು ಮತ್ತೆ ಎತ್ತಿ, ಆದ್ದರಿಂದ ಮನುಷ್ಯರಿಗೆ ದಾಸರಾಗಬೇಡಿ ಅಂತ ಸೇರಿಸುತ್ತಾನೆ. ಬೆಲೆ ಅಂದರೆ ಯೇಸು ಶಿಲುಬೆಯ ಮೇಲೆ ಕೊಟ್ಟ ಪ್ರಾಣ. ಅಷ್ಟು ಕೊಟ್ಟು ತನ್ನವಳನ್ನಾಗಿ ಮಾಡಿಕೊಂಡವನು ಇರುವಾಗ, ನನ್ನ ಮೇಲೆ ಕೊನೆಯ ಹಕ್ಕು ಜಾತಿಗಾಗಲಿ, ಗಂಡನ ಮನೆಗಾಗಲಿ, ಸಾಲ ಕೊಟ್ಟವನಿಗಾಗಲಿ, ಸಂಬಳ ಕೊಡುವವನಿಗಾಗಲಿ ಇಲ್ಲ. ನನಗೆ ಎಲ್ಲಕ್ಕಿಂತ ದೊಡ್ಡದು ಇದೇ.

ಹಾಗಂತ ಮನಸ್ಸಿಗೆ ಬಂದಂತೆ ಬದುಕಬಹುದು ಅಂತಲ್ಲ. ಪೌಲ ಆ ಮಾತು ಹೇಳಿದ್ದೇ ನನ್ನ ದೇಹ ನನ್ನಿಷ್ಟ ಅಂತ ವೇಶ್ಯೆಯರ ಹತ್ತಿರ ಹೋಗುತ್ತಿದ್ದವರಿಗೆ. ಮೈಸೂರು ಕಡೆಯ ಸಿಎಸ್‌ಐಗೆ ವೆಸ್ಲಿಯನ್ ಮೆಥೊಡಿಸ್ಟ್ ಮಿಷನ್ನಿನ ಬೇರು ಇದೆ, ಮೆಥೊಡಿಸ್ಟರು ಹೊಸ ವರ್ಷದಲ್ಲಿ ಒಡಂಬಡಿಕೆಯ ಪ್ರಾರ್ಥನೆ ಅಂತ ಒಂದನ್ನು ಹೇಳುತ್ತಾರೆ. ಮೆಥೊಡಿಸ್ಟ್ ಪಂಥ ಶುರು ಮಾಡಿದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ ಆರಾಧನೆಯಿಂದ ಬಂದದ್ದು ಅದು. ನಾನಿನ್ನು ನನ್ನವಳಲ್ಲ, ನಿನ್ನವಳು, ಯಾವ ಕೆಲಸಕ್ಕಾದರೂ ಹಾಕು, ಯಾರ ಜೊತೆಗಾದರೂ ನಿಲ್ಲಿಸು ಅನ್ನುವ ಅರ್ಥದ ಸಾಲುಗಳು. ಆ "ಯಾರ ಜೊತೆಗಾದರೂ" ಅನ್ನುವುದು ಸುಮ್ನೆ ಹೇಳುವ ಮಾತಲ್ಲ. ಮದುವೆ ಮಾತು ಬಂದಾಗ "ಅವರು ಮೊದಲು ಏನಾಗಿದ್ದರು" ಅಂತ, ಅಂದರೆ ಕ್ರೈಸ್ತರಾಗುವ ಮೊದಲು ಯಾವ ಜಾತಿ ಅಂತ ಮೆಲ್ಲಗೆ ವಿಚಾರಿಸುವವರು ನಮ್ಮ ಸಭೆಗಳಲ್ಲೂ ಇದ್ದಾರೆ. ದೀಕ್ಷಾಸ್ನಾನ ಆಗಿ ಕ್ರೈಸ್ತರಾದವರ ಮೇಲೆ ಮತ್ತೆ ಜಾತಿಯ ಹಕ್ಕು ಹೇರಿದರೆ ದೇವರ ಹಕ್ಕನ್ನು ಅಲ್ಲಗಳೆದ ಹಾಗೆ. ಇದನ್ನು ನಾನು ಸಭೆಯಲ್ಲೂ ಹೇಳುತ್ತೇನೆ.

ಈ ಮಾತು ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಅಪ್ಪನ ಕೊನೆಯ ದಿನಗಳಲ್ಲಿ. ಅವರಿಗೆ ಮರೆವಿನ ಕಾಯಿಲೆ. ದಿನಾ ಬೆಳಿಗ್ಗೆ ಸತ್ಯವೇದ (ಬೈಬಲ್) ಓದುತ್ತಿದ್ದ ಮನುಷ್ಯನಿಗೆ ಕಡೆಕಡೆಗೆ ನನ್ನ ಹೆಸರೂ ಗೊತ್ತಾಗುತ್ತಿರಲಿಲ್ಲ, ಪ್ರಾರ್ಥನೆಯ ಸಾಲುಗಳೂ ಬರುತ್ತಿರಲಿಲ್ಲ. ಪ್ರಾರ್ಥನೆಯನ್ನೇ ಮರೆತವರ ನಂಬಿಕೆ ಏನಾಗುತ್ತೆ ಅಂತ ನಾನು ತುಂಬಾ ಅತ್ತಿದ್ದೇನೆ. ಆಗ ಬೈಬಲಿನಲ್ಲಿರುವ ಪ್ರವಾದಿ ಯೆಶಾಯನ ಗ್ರಂಥದ 49ನೇ ಅಧ್ಯಾಯ ಓದಿದೆ. ಹೆತ್ತ ತಾಯಿ ಮರೆತರೂ ನಾನು ನಿನ್ನನ್ನು ಮರೆಯುವುದಿಲ್ಲ ಅಂತ ದೇವರು ಅಲ್ಲಿ ಹೇಳುತ್ತಾನೆ. ಅಪ್ಪ ದೇವರನ್ನು ಹಿಡಿದುಕೊಂಡಿದ್ದಕ್ಕಲ್ಲ, ದೇವರು ಅಪ್ಪನನ್ನು ಹಿಡಿದುಕೊಂಡಿದ್ದಕ್ಕೇ ಅವರು ದೇವರವರು. ನೆನಪು ಹೋದರೆ ಕಳಚಿಹೋಗುವ ಸಂಬಂಧ ಇದಲ್ಲ. ಬದುಕಿದರೂ ಸತ್ತರೂ ನಾವು ಕರ್ತನವರೇ ಅಂತ ಪೌಲ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿದೆ, ಅದನ್ನು ಅವರ ಸಮಾಧಿಯ ಹತ್ತಿರ ಓದಿದಾಗ ನನಗೆ ಒಂದು ಅಕ್ಷರವೂ ಅನುಮಾನ ಅನ್ನಿಸಲಿಲ್ಲ.

ಇನ್ನು ನೀವು ಯಾರಿಗೆ ಸೇರಿದವರು ಅನ್ನುವ ಪ್ರಶ್ನೆ. ಬೈಬಲಿನ 24ನೇ ಕೀರ್ತನೆ ಶುರುವಾಗುವುದೇ ಭೂಮಿಯೂ ಅದರಲ್ಲಿರುವ ಜನರೂ ದೇವರವರೇ ಅಂತ. ನಮ್ಮ ಗ್ರಂಥದ ಪ್ರಕಾರ ನೀವೂ ಅವನವರೇ. ಕ್ರೈಸ್ತರು ಅದರ ಮೇಲೆ ಇನ್ನೊಂದು ಮಾತು ಹೇಳುತ್ತಾರೆ: ಯೇಸುವಿನ ಮೂಲಕ ದೇವರು ನಮ್ಮನ್ನು ಮಕ್ಕಳಾಗಿ ದತ್ತು ತಗೊಂಡಿದ್ದಾನೆ, ನಾವು ಅವನನ್ನು "ಅಪ್ಪಾ" ಅಂತ ಕರೆಯಬಹುದು. ಅದು ನಮ್ಮ ಯೋಗ್ಯತೆಯಿಂದ ಸಿಕ್ಕಿದ್ದಲ್ಲ, ಹಾಗಾಗಿ ಮೇಲು ಕೀಳು ಅನ್ನಲು ಅಲ್ಲಿ ಜಾಗವೇ ಇಲ್ಲ. ನಿಮ್ಮ ಗೆಳತಿ ನಿಮ್ಮನ್ನು ಹೊರಗಿಡಲು ಹಾಗೆ ಹೇಳುತ್ತಿದ್ದರೆ ಆ ಕೀರ್ತನೆಯನ್ನು ನೀವೇ ಅವರಿಗೆ ತೋರಿಸಿ. ಆದರೆ ನನಗೆ ಹಾಗನ್ನಿಸುವುದಿಲ್ಲ. ಯಾವುದೋ ಕಷ್ಟದಲ್ಲಿ ಅವರು ಹಿಡಿದುಕೊಂಡ ಮಾತಿರಬೇಕು ಅದು. ಯಾವಾಗಿನಿಂದ ಹೀಗೆ ಹೇಳುತ್ತೀರಿ ಅಂತ ಬಿಡುವಿದ್ದಾಗ ಒಮ್ಮೆ ಕೇಳಿ ನೋಡಿ.