ಎಂಟು ತಿಂಗಳ ಮಗು ಹತ್ತಿರ ಹೋದರೆ ನಮ್ಮ ಲ್ಯಾಬ್ (ಲ್ಯಾಬ್ರಡಾರ್) ನಾಯಿ ಗುರ್ ಅನ್ನುತ್ತೆ, ಈ ಅಭ್ಯಾಸ ಬಿಡಿಸೋದು ಹೇಗೆ?

ಬಿಡಿಸಲೇಬೇಡಿ. ನಿಮ್ಮ ಮಗುವಿಗೆ ಎಂಟು ತಿಂಗಳು ಅಂದಿದ್ದೀರಿ. ನಮ್ಮ ನಾಯಿ ಗುರ್ ಅಂದಾಗ ನನ್ನ ಮಗಳಿಗೂ ಅಷ್ಟೇ.

ನಮ್ಮ ಕೆಂಚ ನಾಟಿ ನಾಯಿ. ನಾನು ಮದುವೆಯಾಗಿ ಸಾಗರಕ್ಕೆ ಬರುವ ಮೊದಲೇ ಮನೆಯಲ್ಲಿದ್ದ. ಬಾಣಂತನ ಮುಗಿಸಿ ನಾನು ತವರಿನಿಂದ ಹೊರಡುವ ಮುಂಚೆ, ನಮ್ಮ ಯಜಮಾನರು ಮಗು ಸುತ್ತಿದ್ದ ಹಳೇ ಪಂಚೆ ತುಂಡನ್ನು ಒಯ್ದು ಅವನಿಗೆ ಮೂಸಲು ಕೊಟ್ಟಿದ್ದರು. ಮಗು ಬಂದಾಗ ದೂರದಿಂದಲೇ ಮೂಸಿ, ಬಾಲ ಆಡಿಸಿ, ಹೋಗಿ ಮಲಗಿದ. ಮಲಗಿಸಿದಲ್ಲೇ ಇರುವ ಮಗುವಿನಿಂದ ನಾಯಿಗೆ ಏನೂ ತೊಂದರೆ ಇಲ್ಲ ನೋಡಿ. ಅಂಬೆಗಾಲು ಇಟ್ಟ ಮೇಲೆಯೇ ಶುರು.

ಜಗಲಿ ಮೂಲೆಯ ಗೋಣಿಚೀಲ ಅವನ ಜಾಗ. ಇವಳು ಅಲ್ಲಿಗೇ ಹೋಗಿ ಕಿವಿ ಹಿಡಿಯುತ್ತಿದ್ದಳು. ಅವನು ಗುರ್ ಅಂದ. ಅತ್ತೆ ಪೇಪರ್ ಸುರುಳಿ ಮಾಡಿ ಮೂತಿಗೆ ಒಂದು ಕೊಟ್ಟರು. ನಾನೂ ಗದರಿದೆ. ಹದಿನೈದು ದಿನ ಹೀಗೇ ನಡೆದು, ಗುರ್ ಅನ್ನೋದು ನಿಂತೇಹೋಯಿತು. ಬುದ್ಧಿ ಬಂತು ಅಂತ ಮನೆಗೆ ಬಂದವರಿಗೆಲ್ಲ ಹೇಳಿಕೊಂಡೆ.

ನಾನು ತಪ್ಪಿದ್ದು ಇಲ್ಲೇ. ಗುರ್ ಅನ್ನೋದು "ಇವಳನ್ನು ಕರ್ಕೊಳ್ಳಿ" ಅಂತ ಅವನು ನಮಗೆ ಹೇಳುತ್ತಿದ್ದ ಮಾತು. ಹೊಡೆದಿದ್ದರಿಂದ ಅವನ ಕಸಿವಿಸಿ ಹೋಗಲಿಲ್ಲ, ಹೇಳೋದು ಮಾತ್ರ ಹೋಯಿತು. ಗುರ್ ಅನ್ನುವ ಮೊದಲೂ ಎಷ್ಟು ಸಲ ಹೇಳಿದ್ದ! ಮುಖ ತಿರುಗಿಸುತ್ತಿದ್ದ, ನಿದ್ದೆ ಬರದಿದ್ದರೂ ಆಕಳಿಸುತ್ತಿದ್ದ, ಸುಮ್ಸುಮ್ನೆ ಮೂಗು ನೆಕ್ಕಿಕೊಳ್ಳುತ್ತಿದ್ದ. ನಾವು ಮುದ್ದು ಅಂತ ಫೋಟೋ ತೆಗೆದೆವು. ಆ ಫೋಟೋ ಇನ್ನೂ ನನ್ನ ಫೋನ್‌ನಲ್ಲಿದೆ. ಮಗಳ ಕೈ ಅವನ ಕಿವಿ ಮೇಲಿದೆ. ಅವನ ಮೈ ಸೆಟೆದಿದೆ, ಬಾಯಿ ಬಿಗಿಯಾಗಿದೆ, ಓರೆಯಾಗಿ ನೋಡುವ ಕಣ್ಣಲ್ಲಿ ಬಿಳಿಯೇ ಜಾಸ್ತಿ ಕಾಣುತ್ತೆ.

ಒಂದು ಸಂಜೆ ನಾನು ಎರಡು ಮಾರು ದೂರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ನಾಯಿಯ ಸದ್ದೇ ಇಲ್ಲ. ಮಗು ಕಿರುಚಿದಾಗಲೇ ಗೊತ್ತಾಗಿದ್ದು. ಕಣ್ಣಿನ ಕೆಳಗೆ, ಕೆನ್ನೆ ಮೇಲೆ ಎರಡು ಹಲ್ಲಿನ ಗುರುತು. ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಿದೆವು. ಕೆಂಚನಿಗೆ ವರ್ಷ ವರ್ಷ ರೇಬೀಸ್ ಲಸಿಕೆ ಹಾಕಿಸಿದ್ದೆವು. ಆದರೂ ಡಾಕ್ಟರ್ ಮಗುವಿಗೆ ಲಸಿಕೆ ಶುರು ಮಾಡಿದರು, ರೇಬೀಸ್‌ನಿಂದ ತಕ್ಷಣ ರಕ್ಷಣೆ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಅನ್ನೋ ಔಷಧವನ್ನೂ ಗಾಯದ ಸುತ್ತ ಚುಚ್ಚಿದರು. ಅವಳ ತಲೆ ಅಲುಗದಂತೆ ಹಿಡಿದುಕೊಂಡವಳು ನಾನೇ.

ಅವನನ್ನು ದೂರ ಎಲ್ಲಾದರೂ ಬಿಟ್ಟು ಬನ್ನಿ ಅಂತ ಎಲ್ಲರೂ ಅಂದರು. ನಾವು ಪಶುವೈದ್ಯರ ಹತ್ತಿರ ಕರೆದೊಯ್ದೆವು. ಮಗು ಎಳೆಯುತ್ತಿದ್ದ ಅದೇ ಕಿವಿಯೊಳಗೆ ಸೋಂಕಾಗಿ ಊದಿತ್ತು.

ಅದಕ್ಕೇ ಹೇಳ್ತಿದ್ದೀನಿ, ಮೊದಲು ನಿಮ್ಮ ನಾಯಿಯನ್ನು ಡಾಕ್ಟರಿಗೆ ತೋರಿಸಿ. ಲ್ಯಾಬ್ ಸಾಧು ಜಾತಿ ಅಂತ ನಂಬಿ ಕೂರಬೇಡಿ. ಹೊಂದಿಕೊಳ್ಳಲಿ ಅಂತ ಮಗುವನ್ನು ಅದರ ಪಕ್ಕ ಕೂರಿಸಲೂಬೇಡಿ. ಗುರ್ ಅಂದರೆ ಬೈಯದೆ ಮಗುವನ್ನು ಎತ್ತಿಕೊಳ್ಳಿ, ಅಷ್ಟೇ. ನೀರು ಕುಡಿಯೋಕೆ ಎದ್ದು ಹೋಗುವಾಗಲೂ ಇಬ್ಬರಲ್ಲಿ ಒಬ್ಬರನ್ನು ಜೊತೆಗೆ ಕರ್ಕೊಂಡು ಹೋಗಿ. ನಾವು ಜಗಲಿ ಮೂಲೆಗೆ ಅಡಿಕೆ ದಬ್ಬೆಯ ಗೇಟು ಮಾಡಿಸಿದೆವು.

ಕೆಂಚ ಮತ್ತೆ ಗುರ್ ಅನ್ನೋಕೆ ಒಂದು ವರ್ಷ ಹಿಡಿಯಿತು. ಮಗಳು ಗೇಟಿನ ಸಂದಿಯಲ್ಲಿ ಕೈ ತೂರಿಸಿದ್ದಳು. ಅವಳನ್ನು ಎತ್ತಿಕೊಂಡು ಒಳಗೆ ಬಿಟ್ಟು, ವಾಪಸ್ ಬಂದು ಅವನಿಗೆ ಅರ್ಧ ದೋಸೆ ಕೊಟ್ಟೆ.