ಅಮ್ಮನ ಹೆಸರಿಗೆ ಸರ್‌ನೇಮ್ ಬೇಕಾ?

ಪ್ರಶ್ನೆ: ತಂಗಿ ದುಬೈನಲ್ಲಿದ್ದಾಳೆ, ಬಾಣಂತನಕ್ಕೆ ಅಮ್ಮ ಹೋಗಬೇಕು. ಅಮ್ಮನಿಗೆ 63 ವರ್ಷ. ಜನನ ಪ್ರಮಾಣಪತ್ರ ಇಲ್ಲ. ಆಧಾರ್‌ನಲ್ಲಿ ಹೆಸರಿನ ಜೊತೆ ಬರೀ ಇನಿಶಿಯಲ್ ಇದೆ. ಪಾಸ್‌ಪೋರ್ಟ್ ಸಿಗುತ್ತದಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಖಂಡಿತ ಸಿಗುತ್ತದೆ, ಗಾಬರಿ ಬೇಡ. ಜನನ ಪ್ರಮಾಣಪತ್ರವೇ ಬೇಕು ಅನ್ನೋದು 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಮಾತ್ರ. ಅಮ್ಮನಿಗೆ ಶಾಲೆಯ ಟಿಸಿ ಅಥವಾ ಪ್ಯಾನ್ ಕಾರ್ಡ್ ಸಾಕು.

ನಿಜವಾದ ತಲೆನೋವು ಹೆಸರಿನದು. ನಮ್ಮ ಮಲೆನಾಡಿನ ಹೆಂಗಸರಲ್ಲಿ ಎಷ್ಟೋ ಜನರಿಗೆ ಒಂದೇ ಹೆಸರು, ಮುಂದೆ ಒಂದಕ್ಷರದ ಇನಿಶಿಯಲ್ ಅಷ್ಟೇ, ಆದರೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಅದನ್ನು ಬಿಡಿಸಿ ಪೂರ್ತಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಬರುತ್ತದೆ, ಅಲ್ಲೇ ಜನ ಎಡವುವುದು! ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ವಿಸಿಟ್ ವೀಸಾ ವಿಷಯದಲ್ಲಿ ಯುಎಇ (ದುಬೈ ಇರುವ ದೇಶ) 2022ರ ನವೆಂಬರ್‌ನಿಂದ ಬಿಗಿ ಮಾಡಿದೆ. ಹಾಗಾಗಿ ಮೊದಲು ಆಧಾರ್‌ನಲ್ಲಿ ಹೆಸರು ಬಿಡಿಸಿ ತಿದ್ದಿಸಿ, ಪ್ಯಾನ್‌ನಲ್ಲೂ ಅದೇ ಕಾಗುಣಿತ ಇರಲಿ, ಆಮೇಲೆ ಅರ್ಜಿ ಹಾಕಿ. ಅವಸರ ಅಂತ ಸುಮ್ನೆ ಹಾಗೇ ಹಾಕಿಬಿಡಬೇಡಿ.

ಶುಲ್ಕ 1500 ರೂಪಾಯಿ, 60 ದಾಟಿದವರ ಹೊಸ ಅರ್ಜಿಗೆ ಶೇ. 10 ರಿಯಾಯಿತಿ. ಬೆಂಗಳೂರಿಗೆ ಓಡಬೇಕಿಲ್ಲ, ಶಿವಮೊಗ್ಗದ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ಪೊಲೀಸ್ ವಿಚಾರಣೆಗೆ ಅಮ್ಮ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲೇ ಇರಬೇಕು, ಅಡಿಕೆ ಕೊಯ್ಲು ಅಂತ ತವರಿಗೆ ಹೋಗಿ ಕೂತರೆ ಆ ಕೆಲಸ ಅಲ್ಲೇ ನಿಲ್ಲುತ್ತದೆ. ವೀಸಾಕ್ಕೆ ತಂಗಿಯ ಮನೆಯವರೇ ಅಲ್ಲಿಂದ ಅರ್ಜಿ ಹಾಕಬಹುದು.