ಮಗಳು ತುಂಬಾ ಜಾಣೆ, ಆದರೆ ಚಿತ್ರ ಬರೆಯಲ್ಲ, ಕಥೆ ಕಟ್ಟಲ್ಲ. ಅವಳಲ್ಲಿ ಸೃಜನಶೀಲತೆ ಇಲ್ವಾ?

ಒಂಬತ್ತು ವರ್ಷದ ಮಗಳಿಗೆ ಬುದ್ಧಿಮಟ್ಟದ (ಐಕ್ಯೂ) ಪರೀಕ್ಷೆ ಮಾಡಿಸಿದಾಗ ಗಿಫ್ಟೆಡ್, ಅಂದರೆ ವಯಸ್ಸಿಗೆ ಮೀರಿದ ಬುದ್ಧಿ ಇರುವವಳು ಅಂತ ಹೇಳಿದರು, ಆದರೆ ಅವಳು ಬಣ್ಣದ ಪೆನ್ಸಿಲ್ ಮುಟ್ಟುವುದೇ ಇಲ್ಲ, ಯಾವ ಕ್ಲಾಸಿಗೆ ಸೇರಿಸಲಿ ಅಂತ ಕೇಳಿದ್ದೀರಿ. ಈ ಚಿಂತೆಯನ್ನು ನಾನೂ ಹಲವು ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನನ್ನ ಮಗನೂ ಇಂಥವನೇ. ನಾಲ್ಕನೇ ವರ್ಷಕ್ಕೆ ಸರಾಗವಾಗಿ ಓದುತ್ತಿದ್ದ. ಏಳನೇ ವರ್ಷದಲ್ಲಿ ಒಂದು ರಜೆ ಪೂರ್ತಿ, ಎಲ್ಲೂ ಇಲ್ಲದ ಊರುಗಳಿಗೆ ರೈಲು ವೇಳಾಪಟ್ಟಿ ಬರೆಯುತ್ತಾ ಕೂತ. ಹದಿನಾಲ್ಕು ಸ್ಟೇಷನ್, ಒಂದೇ ಹಳಿ. ಎದುರು ಬರುವ ರೈಲುಗಳು ಎಲ್ಲಿ ಕಾಯಬೇಕು, ಎಲ್ಲಿ ದಾರಿ ಬಿಡಬೇಕು ಎಂಬ ಲೆಕ್ಕ. ಒಂದು ರೈಲು ಐದು ನಿಮಿಷ ತಡವಾದರೆ ಉಳಿದವು ಏನಾಗುತ್ತವೆ ಅನ್ನುವುದಕ್ಕೆ ಬೇರೆ ಪುಟ. "ಸುಮ್ನೆ ಅಂಕಿ ಗೀಚಬೇಡ, ಏನಾದರೂ ಕ್ರಿಯೇಟಿವ್ ಆಗಿ ಮಾಡು" ಅಂತ ನಾನೇ ಅವನ ಕೈಗೆ ಬಣ್ಣದ ಡಬ್ಬಿ ಕೊಟ್ಟೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅವನು ಒಂದು ಇಡೀ ಲೋಕವನ್ನೇ ಕಟ್ಟುತ್ತಿದ್ದ. ಅದು ಚಿತ್ರವಾಗಿರಲಿಲ್ಲ, ಅಷ್ಟೇ.

ಇಂಥ ಮಕ್ಕಳ ಅಪ್ಪ ಅಮ್ಮಂದಿರ ಜೊತೆ ಮಾತಾಡುವಾಗ ಎರಡು ನಂಬಿಕೆ ಮತ್ತೆ ಮತ್ತೆ ಕೇಳಿಸುತ್ತವೆ. ಸೃಜನಶೀಲತೆ ಅಂದರೆ ಚಿತ್ರ, ಸಂಗೀತ, ಕವಿತೆ ಅನ್ನುವುದು ಒಂದು. ಬುದ್ಧಿ ಜಾಸ್ತಿ ಇದ್ದರೆ ಅದು ತಾನಾಗೇ ಬರುತ್ತದೆ ಅನ್ನುವುದು ಇನ್ನೊಂದು. ಎರಡನ್ನೂ ನಾನು ನಂಬಿದ್ದೆ.

ಎರಡನೆಯದರ ಬಗ್ಗೆ ಒಂದು ಹಳೆಯ ಸಂಗತಿ ಇದೆ. ಲೂಯಿಸ್ ಟರ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಅಧ್ಯಯನ ಶುರು ಮಾಡಿದರು. ತುಂಬಾ ಹೆಚ್ಚು ಐಕ್ಯೂ ಇದ್ದ 1,500ಕ್ಕೂ ಹೆಚ್ಚು ಮಕ್ಕಳನ್ನು ಆರಿಸಿ, ಅವರ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿದ ಕೆಲಸ ಅದು. ಅವರಲ್ಲಿ ಬಹಳಷ್ಟು ಮಂದಿ ಚೆನ್ನಾಗಿ ಓದಿದರು, ಒಳ್ಳೆಯ ಕೆಲಸ ಹಿಡಿದರು. ಆದರೆ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್ ಎಂಬ ಇಬ್ಬರು ಹುಡುಗರು ಆ ಪರೀಕ್ಷೆ ಬರೆದೂ ಆಯ್ಕೆ ಆಗಿರಲಿಲ್ಲ. ಶಾಕ್ಲಿಗೆ 1956ರಲ್ಲಿ, ಆಲ್ವಾರೆಜ್‌ಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಪರೀಕ್ಷೆ ಸುಳ್ಳು ಅಂತ ಇದರ ಅರ್ಥ ಅಲ್ಲ. ಅದು ಅಳೆಯುವುದು ಬೇರೆ, ಅಷ್ಟೇ. ಐಕ್ಯೂ ಪರೀಕ್ಷೆಯ ಹೆಚ್ಚಿನ ಪ್ರಶ್ನೆಗಳಿಗೆ ಸರಿ ಉತ್ತರ ಒಂದೇ. ಸೃಜನಶೀಲತೆಯನ್ನು ಅಳೆಯಲು 1966ರಲ್ಲಿ ಪಾಲ್ ಟೊರೆನ್ಸ್ ಎಂಬ ಮನಶ್ಶಾಸ್ತ್ರಜ್ಞ ಹೊರತಂದ ಪರೀಕ್ಷೆಗಳಲ್ಲಿ ಹಾಗಿಲ್ಲ. ಅರ್ಧಕ್ಕೆ ನಿಂತ ಗೆರೆಯನ್ನು ಏನಾದರೂ ಮಾಡಿ ಮುಗಿಸು, ಈ ಆಟಿಕೆಯನ್ನು ಇನ್ನೂ ಚೆನ್ನಾಗಿ ಆಗುವಂತೆ ಬದಲಾಯಿಸು, ಇಂಥವು. ಕೈಚಳಕಕ್ಕೆ ಅಲ್ಲಿ ಅಂಕ ಇಲ್ಲ. ಎಷ್ಟು ಯೋಚನೆ ಬಂತು, ಬೇರೆಯವರಿಗೆ ಹೊಳೆಯದ್ದು ಹೊಳೆಯಿತಾ ಅಂತ ನೋಡುತ್ತಾರೆ.

ಆದರೆ ನಿಮಗೆ ಹೇಳಲೇಬೇಕಾದದ್ದು ಇದಲ್ಲ. ಜಾಣ ಮಕ್ಕಳಿಗೆ ತಮ್ಮದೇ ಆದ ಒಂದು ಕಷ್ಟ ಇದೆ. ಅವರಿಗೆ ಸರಿ ಉತ್ತರ ಬೇಗ ಸಿಗುತ್ತದೆ. ಸಿಕ್ಕಾಗಲೆಲ್ಲ ನಾವು ಮುದ್ದು ಮಾಡುತ್ತೇವೆ. ಸರಿ ಇದ್ದರೆ ಮಾತ್ರ ನಾನು ಒಳ್ಳೆಯವನು ಅಂತ ಮಗುವಿನ ಮನಸ್ಸಲ್ಲಿ ಕೂತುಬಿಡುತ್ತದೆ. ಹೊಸದನ್ನು ಮಾಡಬೇಕಾದರೆ ಹತ್ತು ಸಲ ತಪ್ಪಬೇಕು, ಅಲ್ವಾ?

ಮಗ ಎರಡನೇ ತರಗತಿಯಲ್ಲಿ ಒಂದು ಕಳೆಯುವ ಲೆಕ್ಕ ಮಾಡಿದ್ದ. 52ರಲ್ಲಿ 27 ಕಳೆಯಬೇಕು. ಅವನು ಐವತ್ತರಲ್ಲಿ ಇಪ್ಪತ್ತು ಕಳೆದು ಮೂವತ್ತು ಅಂತ ಬರೆದ. ಎರಡರಲ್ಲಿ ಏಳು ಹೋದರೆ ಐದು "ಸಾಲ". ಮೂವತ್ತರಲ್ಲಿ ಆ ಸಾಲ ತೀರಿಸಿದರೆ 25. ಉತ್ತರ ಸರಿ. ಶಾಲೆಯಲ್ಲಿ ಕೆಂಪು ಗೆರೆ ಬಿತ್ತು. ಮನೆಯಲ್ಲಿ ನಾನೂ "ಪುಸ್ತಕದಲ್ಲಿ ಇದ್ದ ಹಾಗೆ ಮಾಡು" ಅಂದೆ. ಆಮೇಲೆ ಯಾವ ಕೆಲಸ ಶುರು ಮಾಡುವ ಮುಂಚೆಯೂ "ಹೀಗೇ ಮಾಡಬೇಕಾ?" ಅಂತ ಕೇಳತೊಡಗಿದ. ಗೊತ್ತಿಲ್ಲದ ಆಟಕ್ಕೆ ಕೂರುತ್ತಲೇ ಇರಲಿಲ್ಲ.

ಜೇಮ್ಸ್ ಕೌಫ್‌ಮನ್ ಮತ್ತು ರೊನಾಲ್ಡ್ ಬೆಗೆಟೊ ಎಂಬ ಸಂಶೋಧಕರು 2009ರಲ್ಲಿ ಸೃಜನಶೀಲತೆಯನ್ನು ನಾಲ್ಕು ಮಟ್ಟದಲ್ಲಿ ವಿವರಿಸಿದರು. ಜಗತ್ತನ್ನೇ ಬದಲಿಸುವ ಕೆಲಸ ಒಂದು ತುದಿ. ಇನ್ನೊಂದು ತುದಿಗೆ ಅವರು ಇಟ್ಟ ಹೆಸರು ಮಿನಿ-ಸಿ. ಕಲಿಯುವಾಗ ಒಬ್ಬರ ಒಳಗೆ ಹುಟ್ಟುವ, ಅವರಿಗೆ ಹೊಸದಾದ ಅರಿವು ಅದು. ಬೇರೆಯವರಿಗೆ ಅದು ಮೊದಲೇ ಗೊತ್ತಿದ್ದರೂ ಪರವಾಗಿಲ್ಲ. ಇದನ್ನು ಓದಿದ ದಿನ ನನಗೆ ಆ ಕಳೆಯುವ ಲೆಕ್ಕ ನೆನಪಾಯಿತು. ಯಾರೂ ಹೇಳಿಕೊಡದೆ ಅವನು ಸೊನ್ನೆಗಿಂತ ಕೆಳಗಿನ ಸಂಖ್ಯೆಯನ್ನು ಮುಟ್ಟಿದ್ದ. ನಾವು ಅದನ್ನು ತಿದ್ದಿದ್ದೆವು.

ಈಗ ಕ್ಲಾಸಿನ ವಿಷಯ. ಅವಳೇ ಕೇಳಿದರೆ ಖಂಡಿತ ಸೇರಿಸಿ. ಕೇಳದಿದ್ದರೆ ಬೇಡ. ಸೇರಿಸಿದರೂ ಸ್ಪರ್ಧೆ, ಬಹುಮಾನದ ಆಸೆ ತೋರಿಸಬೇಡಿ. ಮಾರ್ಕ್ ಲೆಪರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 1973ರಲ್ಲಿ ಚಿತ್ರ ಬರೆಯುವುದು ತುಂಬಾ ಇಷ್ಟವಾಗಿದ್ದ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಚಿತ್ರ ಬರೆದರೆ ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಕೆಲವರಿಗೆ ಮೊದಲೇ ಹೇಳಿದ್ದರು. ಒಂದೆರಡು ವಾರದ ಮೇಲೆ ನೋಡಿದರೆ, ಆ ಮಕ್ಕಳು ತಾವಾಗಿ ಚಿತ್ರಕ್ಕೆ ಕೊಡುವ ಹೊತ್ತು ಉಳಿದವರದ್ದರ ಸುಮಾರು ಅರ್ಧಕ್ಕೆ ಇಳಿದಿತ್ತು. ಮೊದಲೇ ಹೇಳದೆ ಸರ್ಟಿಫಿಕೇಟ್ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ.

ನಮ್ಮ ಮನೆಯಲ್ಲಿ ಬದಲಾದದ್ದು ಸಣ್ಣ ಸಣ್ಣ ವಿಷಯ. "ಜಾಣ" ಅನ್ನುವುದನ್ನು ಕಡಿಮೆ ಮಾಡಿದೆ. "ಇದು ಹೇಗೆ ಹೊಳೆಯಿತು?" ಅಂತ ಕೇಳಲು ಕಲಿತೆ. ನನ್ನ ತಪ್ಪುಗಳನ್ನು ಅವನ ಎದುರೇ ಹೇಳಿದೆ. ವೇಳಾಪಟ್ಟಿಯ ಪುಸ್ತಕ ಹುಡುಕಿ ತೆಗೆದು, ನನಗೆ ವಿವರಿಸು ಅಂತ ಕೂತೆ. ಮೊದಲು ಅನುಮಾನದಿಂದ ನೋಡಿದ. ತಿಂಗಳುಗಟ್ಟಲೆ ಹಿಡಿಯಿತು, ಆದರೆ "ಹೀಗೇ ಮಾಡಬೇಕಾ?" ಕಡಿಮೆಯಾಯಿತು.

ನೀವು ಒಂದು ವಾರ ಸುಮ್ನೆ ನೋಡಿ. ಯಾರೂ ಹೇಳದಿದ್ದಾಗ ಅವಳು ಏನು ಮಾಡುತ್ತಾಳೆ, ಏನು ಕೇಳುತ್ತಾಳೆ, ಯಾವ ನಿಯಮವನ್ನು ಬದಲಿಸಲು ನೋಡುತ್ತಾಳೆ, ಬರೆದಿಡಿ. ಆಮೇಲೆ ಇಲ್ಲಿ ತಿಳಿಸಿ, ನಿಜವಾಗಲೂ ಓದಬೇಕು ಅನಿಸುತ್ತಿದೆ.